ಶೋರೀಲ್ ಕಳಿಸಿ ಕಳಿಸಿ ಸಾಕಾಯಿತು, ಅನಿಮೇಷನ್ ಬಿಟ್ಟುಬಿಡಲಾ?

ಪ್ರಶ್ನೆ: ಬಿ.ಕಾಂ. ಮುಗಿಸಿದ ಮೇಲೆ ಆಸೆಪಟ್ಟು ಒಂದೂವರೆ ವರ್ಷ ಅನಿಮೇಷನ್ ಕೋರ್ಸ್ ಮಾಡಿದೆ. ಫೀಸಿಗೆ ಅಪ್ಪ ಸಾಲ ಮಾಡಿದ್ದಾರೆ. ಎಂಟು ತಿಂಗಳಿಂದ ಸ್ಟುಡಿಯೋಗಳಿಗೆ ಶೋರೀಲ್ (ನಾನು ಮಾಡಿದ ಕೆಲಸದ ಚಿಕ್ಕ ವಿಡಿಯೋ) ಕಳಿಸುತ್ತಲೇ ಇದ್ದೇನೆ. 'ತಲುಪಿತು' ಅಂತಲೂ ಯಾರೂ ಬರೆಯುವುದಿಲ್ಲ. ಊರಿಗೆ ಹೋದರೆ 'ಕಾರ್ಟೂನ್ ಕೆಲಸ ಸಿಕ್ತಾ?' ಅಂತ ಕೇಳುತ್ತಾರೆ. ಈಗ ಎಐ ಬೇರೆ ಬಂದಿದೆ. ಇದೆಲ್ಲ ಬಿಟ್ಟು ಬ್ಯಾಂಕ್ ಪರೀಕ್ಷೆಗೆ ಓದಲಾ?

ಉತ್ತರ: ಊರು ಬದಲಾಗುತ್ತದೆ, ಡಿಗ್ರಿ ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ ಬರುತ್ತಿರುತ್ತದೆ. ಹಾಗಾಗಿ ಒಮ್ಮೆ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಆ ಉತ್ತರ ಬರದ ಮೇಲ್‌ಗಳ ವಿಷಯ. ಅದರಲ್ಲಿ ನಿಮ್ಮ ತಪ್ಪು ಎಷ್ಟು, ಕಾಲದ ತಪ್ಪು ಎಷ್ಟು ಅಂತ ಬಿಡಿಸಿ ನೋಡಬೇಕು. ಬೆಂಗಳೂರು, ಹೈದರಾಬಾದ್, ಮುಂಬೈ ಸ್ಟುಡಿಯೋಗಳಲ್ಲಿ ನಡೆಯುವ ದೊಡ್ಡ ಪಾಲು ಕೆಲಸ ಹೊರದೇಶದ ಸಿನಿಮಾ, ಸೀರೀಸ್‌ಗಳದ್ದು. 2023ರ ಮೇನಲ್ಲಿ ಹಾಲಿವುಡ್‌ನ ಬರಹಗಾರರು ಮುಷ್ಕರ ಹೂಡಿದರು, ಜುಲೈನಲ್ಲಿ ನಟರೂ ಸೇರಿಕೊಂಡರು. ನವೆಂಬರ್‌ವರೆಗೆ ಅಲ್ಲಿ ಶೂಟಿಂಗ್ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಅಲ್ಲಿ ಶೂಟಿಂಗ್ ನಿಂತರೆ ಕೆಲವು ತಿಂಗಳ ನಂತರ ಇಲ್ಲಿನ ಕಂಪ್ಯೂಟರ್‌ಗಳ ಮುಂದೆ ಕುರ್ಚಿ ಖಾಲಿಯಾಗುತ್ತವೆ. ಅದರಿಂದ ಚೇತರಿಸಿಕೊಳ್ಳುವಷ್ಟರಲ್ಲಿ, 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಅನ್ನುವ ದೊಡ್ಡ ವಿಷುವಲ್ ಎಫೆಕ್ಟ್ಸ್ ಕಂಪನಿ ಕುಸಿಯಿತು. ಎಂಪಿಸಿ, ದ ಮಿಲ್ ಎಲ್ಲ ಅದರ ಕೈಕೆಳಗಿದ್ದ ಸ್ಟುಡಿಯೋಗಳೇ. ಬೆಂಗಳೂರಿನಲ್ಲೇ ಸಾವಿರಾರು ಜನ ಏಕಾಏಕಿ ಬೀದಿಗೆ ಬಿದ್ದರು. ನೀವು ಮೇಲ್ ಕಳಿಸಿದ ಇನ್‌ಬಾಕ್ಸ್‌ನಲ್ಲಿ ಹತ್ತು ವರ್ಷ ಅನುಭವ ಇದ್ದವರ ರೀಲ್ ಕೂಡ ಬಂದು ಕೂತಿರುತ್ತದೆ.

ಇದು ಹೊಸದೇನೂ ಅಲ್ಲ. 2013ರ ಫೆಬ್ರವರಿಯಲ್ಲಿ ರಿದಮ್ ಆ್ಯಂಡ್ ಹ್ಯೂಸ್ ಸ್ಟುಡಿಯೋ ದಿವಾಳಿ ಅರ್ಜಿ ಹಾಕಿತು. ಅದೇ ತಿಂಗಳ ಕೊನೆಗೆ, ಅವರು ಹುಲಿಯನ್ನು ಸೃಷ್ಟಿಸಿದ 'ಲೈಫ್ ಆಫ್ ಪೈ'ಗೆ ವಿಷುವಲ್ ಎಫೆಕ್ಟ್ಸ್ ಆಸ್ಕರ್ ಬಂತು. ಅಷ್ಟು ಚೆನ್ನಾಗಿ ಕೆಲಸ ಮಾಡಿದವರಿಗೂ ಮುಂದಿನ ತಿಂಗಳ ಸಂಬಳದ ಖಾತ್ರಿ ಇರಲಿಲ್ಲ. ಈ ಫೀಲ್ಡೇ ಹೀಗೆ. ಪ್ರಾಜೆಕ್ಟ್ ಬಂದಾಗ ಜನ ಬೇಕು, ಮುಗಿದಾಗ ಬೇಡ. ಇದನ್ನು ಕೋರ್ಸ್‌ಗೆ ಸೇರಿಸಿಕೊಳ್ಳುವವರು ನಿಮಗೆ ಹೇಳಿರುವುದಿಲ್ಲ, ಅಲ್ವಾ?

ಈಗ ನಿಮ್ಮ ಪಾಲಿನದ್ದು. ಕೆಲವು ವರ್ಷ ನಾನೂ ಫ್ರೆಶರ್‌ಗಳ ರೀಲ್ ನೋಡುವ ಕೆಲಸ ಮಾಡಿದ್ದೇನೆ. ಊಟ ಮುಗಿಸಿ ಬಂದು, ಮುಂದಿನ ಮೀಟಿಂಗ್‌ಗೆ ಇಪ್ಪತ್ತು ನಿಮಿಷ ಇರುವಾಗ, ಒಂದರ ಹಿಂದೆ ಒಂದು ಹಾಕುತ್ತಿದ್ದೆ. ಮೊದಲ ಹದಿನೈದು ಸೆಕೆಂಡು ಹೆಸರು ತಿರುಗುತ್ತಾ ಬರುತ್ತದೆ, ಹಿಂದೆ ಡಬ್ ಡಬ್ ಅಂತ ಮ್ಯೂಸಿಕ್. ಆಮೇಲೆ ಕ್ಲಾಸಿನಲ್ಲಿ ಎಲ್ಲರಿಗೂ ಕೊಟ್ಟ ಅದೇ ರೋಬೋ, ಅದೇ ಕಾರು, ಅದೇ ಹಳ್ಳಿಮನೆ. ಮಾಡೆಲಿಂಗ್ ಸ್ವಲ್ಪ, ಲೈಟಿಂಗ್ ಸ್ವಲ್ಪ, ಎಡಿಟಿಂಗ್ ಸ್ವಲ್ಪ. ಕೊನೆಗೆ ಒಂದು ನಡಿಗೆ. ಈ ಹುಡುಗನನ್ನು ಯಾವ ಡಿಪಾರ್ಟ್‌ಮೆಂಟಿನಲ್ಲಿ ಕೂರಿಸಲಿ ಅಂತಲೇ ಗೊತ್ತಾಗುವುದಿಲ್ಲ. ಸುಮ್ನೆ ಮುಂದಿನದ್ದಕ್ಕೆ ಹೋಗುತ್ತೇವೆ.

ನನ್ನ ಮನಸ್ಸಿನಲ್ಲಿ ಉಳಿದಿರುವ ರೀಲ್ ಒಂದೇ ಒಂದು. ನಲವತ್ತು ಸೆಕೆಂಡು ಕೂಡ ಇರಲಿಲ್ಲ. ಬಣ್ಣ ಇಲ್ಲ, ಬೂದು ಬಣ್ಣದ ಬೊಂಬೆ, ಅದಕ್ಕೆ ಮುಖ ಕೂಡ ಇಲ್ಲ. ಒಬ್ಬ ಹೆಂಗಸು ನಲ್ಲಿ ಕೆಳಗಿಂದ ನೀರಿನ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡು ನಡೆಯುತ್ತಾಳೆ. ಅಷ್ಟೇ. ಆದರೆ ಆ ಕೊಡದಲ್ಲಿ ನೀರಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕಸುಬು ಇರುವುದೇ ಇಲ್ಲಿ. ನಮ್ಮ ಲೆಕ್ಕ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಚಿತ್ರ. ಖಾಲಿ ಕೊಡ ನೆಲದಿಂದ ಸೊಂಟಕ್ಕೆ ಬರಲು 12 ಫ್ರೇಮ್ ಸಾಕು. ತುಂಬಿದ್ದಕ್ಕೆ 30 ಕೂಡ ಹಿಡಿಯಬಹುದು. ಹಾಗಂತ ಅದೇ ಚಲನೆಯನ್ನು 30 ಫ್ರೇಮ್‌ಗೆ ಎಳೆದರೆ ಭಾರ ಬರುವುದಿಲ್ಲ, ಹೆಂಗಸು ಕೆರೆಯೊಳಗೆ ಮುಳುಗಿಕೊಂಡು ಕೆಲಸ ಮಾಡಿದ ಹಾಗೆ ಕಾಣುತ್ತದೆ. ಫ್ರೆಶರ್‌ಗಳು ಜಾಸ್ತಿ ಎಡವುವುದು ಇಲ್ಲೇ. ನಿಜವಾಗಿ ಎತ್ತುವಾಗ ಏನಾಗುತ್ತದೆ ನೋಡಿ. ಕೈ ಕೊಡದ ಕಂಠ ಹಿಡಿಯುತ್ತದೆ, ತೋಳು ಬಿಗಿಯುತ್ತದೆ, ಭುಜ ಕೆಳಗೆ ಜಗ್ಗುತ್ತದೆ, ಆದರೂ ಕೊಡ ನಾಲ್ಕಾರು ಫ್ರೇಮ್ ಕದಲುವುದೇ ಇಲ್ಲ. ಮೊಣಕಾಲು ಇನ್ನೊಂಚೂರು ಬಗ್ಗುತ್ತದೆ. ಆಮೇಲೆ ಒಂದೇ ಎಳೆತಕ್ಕೆ ಮೇಲೆ ಬರುತ್ತದೆ. ಕೊಡ ಎಡ ಸೊಂಟಕ್ಕೆ ಕೂತ ಕ್ಷಣ ಮೈ ಬಲಕ್ಕೆ ವಾಲುತ್ತದೆ, ಬಲಗೈ ತಾನಾಗಿಯೇ ಹೊರಗೆ ಚಾಚುತ್ತದೆ. ಹೆಜ್ಜೆ ಗಿಡ್ಡವಾಗುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಅಂತ ಗಾದೆ ಇದೆ, ನಮ್ಮಲ್ಲಿ ಮಾತ್ರ ಒಂದು ಹನಿಯಾದರೂ ತುಳುಕಬೇಕು.

ಆ ರೀಲ್ ಮಾಡಿದವರಿಗೆ ಸಾಫ್ಟ್‌ವೇರ್ ಎಷ್ಟು ಬರುತ್ತಿತ್ತೋ ಗೊತ್ತಿಲ್ಲ. ನಲ್ಲಿ ಹತ್ತಿರ ನಿಂತು ನೋಡಿದ್ದರು ಅನ್ನುವುದು ಗೊತ್ತಾಗುತ್ತಿತ್ತು.

ಇನ್ನೊಂದು ವಿಷಯ. 'ಅನಿಮೇಷನ್' ಅಂತ ಒಂದೇ ಹೆಸರಿಟ್ಟು ಕೋರ್ಸ್ ಮಾರುತ್ತಾರೆ. ಒಳಗೆ ಹೋದರೆ ಅದು ಹತ್ತು ಕೋಣೆಗಳ ಮನೆ. ಸ್ಟೋರಿಬೋರ್ಡ್ ಬರೆಯುವವರು ಬೇರೆ, ಬೊಂಬೆಗೆ ಮೂಳೆ ಕೂರಿಸುವ ರಿಗ್ಗಿಂಗ್‌ನವರು ಬೇರೆ, ಬೆಂಕಿ ಹೊಗೆ ಮಾಡುವ ಎಫ್‌ಎಕ್ಸ್‌ನವರು ಬೇರೆ, ಎಲ್ಲ ಪದರ ಸೇರಿಸುವ ಕಂಪೋಸಿಟಿಂಗ್‌ನವರು ಬೇರೆ. ನಮ್ಮಲ್ಲಿ ಫ್ರೆಶರ್‌ಗಳನ್ನು ಜಾಸ್ತಿ ತೆಗೆದುಕೊಳ್ಳುತ್ತಿದ್ದದ್ದು ರೋಟೋ (ಶಾಟ್‌ನಲ್ಲಿರುವವರ ಸುತ್ತ ಗೆರೆ ಎಳೆದು ಹಿನ್ನೆಲೆಯಿಂದ ಬೇರೆ ಮಾಡುವುದು), ಪೇಂಟ್ (ಶಾಟ್‌ನಲ್ಲಿ ಬೇಡದ್ದನ್ನು ಅಳಿಸುವುದು), ಮ್ಯಾಚ್‌ಮೂವ್ (ಶೂಟಿಂಗ್ ಕ್ಯಾಮೆರಾದ ಚಲನೆಯನ್ನು ಕಂಪ್ಯೂಟರ್‌ನಲ್ಲಿ ಹೊಂದಿಸುವುದು) ಕೆಲಸಗಳಿಗೆ. ನಾನೂ ಬಂದಿದ್ದು ರೋಟೋ ಬಾಗಿಲಿನಿಂದಲೇ. ಯಾರೋ ನಟಿಯ ಕೂದಲ ಸುತ್ತ ಫ್ರೇಮ್ ಫ್ರೇಮ್‌ಗೂ ಗೆರೆ ಕೂರಿಸುತ್ತಾ ಒಂದು ವರ್ಷ ಕಳೆದೆ. ಆರು ತಿಂಗಳಲ್ಲಿ ಅನಿಮೇಷನ್ ಟೀಮಿಗೆ ಹಾಕುತ್ತೇವೆ ಅಂದಿದ್ದರು. ಹಾಕಲಿಲ್ಲ. ಡೆಡ್‌ಲೈನ್ ಹತ್ತಿರ ಬಂದಾಗ ರಾತ್ರಿ ಕ್ಯಾಬ್‌ನಲ್ಲಿ ಮನೆಗೆ ಹೋಗಿ ಬೆಳಿಗ್ಗೆ ಅದೇ ಕ್ಯಾಬ್‌ನಲ್ಲಿ ವಾಪಸ್. ಭಾನುವಾರಗಳಲ್ಲಿ ಕೂತು ಮಾಡಿದ ಎರಡು ಶಾಟ್ ಇಟ್ಟುಕೊಂಡು ಬೇರೆ ಕಡೆ ಅನಿಮೇಟರ್ ಆಗಿ ಸೇರಿದೆ. ರೋಟೋ ಕೀಳು ಕೆಲಸ ಅಂತ ಖಂಡಿತ ಹೇಳುತ್ತಿಲ್ಲ. ಆದರೆ ಅಲ್ಲಿ ಕಾಯುತ್ತಾ ಕೂತರೆ ಅನಿಮೇಷನ್ ತಾನಾಗಿ ಬರುವುದಿಲ್ಲ.

ಎಐ ಬಗ್ಗೆ ಸುಳ್ಳು ಧೈರ್ಯ ಹೇಳಲಾರೆ. ಮೇಲೆ ಹೇಳಿದ ಆ ರೋಟೋ ಬಾಗಿಲನ್ನೇ ಅದು ಮೊದಲು ಕಿರಿದು ಮಾಡುತ್ತಿದೆ. ಒಂದು ದಿನ ಹಿಡಿಯುತ್ತಿದ್ದ ಗೆರೆಯ ಕೆಲಸದ ಎಷ್ಟೋ ಭಾಗವನ್ನು ಸಾಫ್ಟ್‌ವೇರೇ ಮಾಡಿಕೊಡುತ್ತದೆ, ಮನುಷ್ಯ ಅಂಚು ತಿದ್ದಿದರೆ ಸಾಕು. ಆದರೆ ಡೈರೆಕ್ಟರ್ ಬಂದು 'ಇವಳು ತಿರುಗುವ ಮೊದಲು ಅರ್ಧ ಕ್ಷಣ ಅನುಮಾನಿಸಲಿ, ಉಳಿದದ್ದೆಲ್ಲ ಹೀಗೇ ಇರಲಿ' ಅಂದರೆ, ಆ ಅರ್ಧ ಕ್ಷಣ ಎಷ್ಟು ಫ್ರೇಮ್ ಅಂತ ಗೊತ್ತಿರುವವರು ಇನ್ನೂ ಬೇಕು. ಎಷ್ಟು ಜನ ಬೇಕಾಗುತ್ತಾರೆ ಅನ್ನುವುದು ಬೇರೆ ಮಾತು. ಮೊದಲಿಗಿಂತ ಕಡಿಮೆ ಅಂತಲೇ ಲೆಕ್ಕ ಹಾಕಿಕೊಳ್ಳಿ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಇನ್ನೊಂದು 'ಅಡ್ವಾನ್ಸ್ಡ್' ಕೋರ್ಸ್‌ಗೆ ಸಾಲ ಮಾಡಬೇಡಿ. ಯಾರು ಪ್ಲೇಸ್‌ಮೆಂಟ್ ಗ್ಯಾರಂಟಿ ಅಂದರೂ ಬೇಡ. ಬ್ಲೆಂಡರ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಲಾಟ್ವಿಯಾದ 'ಫ್ಲೋ' ಸಿನಿಮಾವನ್ನು ಅದರಲ್ಲೇ ಮಾಡಿ 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಹೊಡೆದರು. ನಮ್ಮಲ್ಲೂ ಅದೇ ವರ್ಷ ಜುಲೈನಲ್ಲಿ ಬಂದ 'ಮಹಾವತಾರ ನರಸಿಂಹ' ಕನ್ನಡದಲ್ಲೂ ಚೆನ್ನಾಗಿ ಓಡಿತು, ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಥಿಯೇಟರ್‌ಗೆ ಹೋದರು. ಆದರೆ ಒಂದು ಸಿನಿಮಾ ಗೆದ್ದ ತಕ್ಷಣ ನೂರು ಕೆಲಸ ಹುಟ್ಟುವುದಿಲ್ಲ. ಈ ಸುದ್ದಿಗಳನ್ನು ಖುಷಿಗೆ ಓದಿ, ಅದನ್ನೇ ನಂಬಿ ಸಾಲ ಮಾಡಬೇಡಿ.

ಹಾಗಾದರೆ ಬ್ಯಾಂಕ್ ಪರೀಕ್ಷೆ? ಅಪ್ಪನ ಸಾಲಕ್ಕೆ ಬಡ್ಡಿ ಓಡುತ್ತಿದೆ ಅಂದರೆ ಮೊದಲು ಯಾವುದಾದರೂ ಸಂಬಳ ನೋಡಿಕೊಳ್ಳಿ. ಅದು ಟಿವಿ ಚಾನೆಲ್‌ನ ಗ್ರಾಫಿಕ್ಸ್ ಇರಬಹುದು, ಆನ್‌ಲೈನ್ ಪಾಠ ಮಾಡುವ ಕಂಪನಿಯ ವಿಡಿಯೋ ಇರಬಹುದು, ಮನೆ ಕಟ್ಟುವವರಿಗೆ ತ್ರೀಡಿ ಮಾಡಿಕೊಡುವುದಿರಬಹುದು. ಬ್ಯಾಂಕೇ ಆದರೂ ನಾಚಿಕೆ ಪಡಬೇಕಾದ್ದಿಲ್ಲ. ನಾನಾಗಿದ್ದರೆ ಜೊತೆಗೆ ಆರು ತಿಂಗಳ ಗಡುವು ಇಟ್ಟುಕೊಂಡು, ಹಳೇ ರೀಲ್ ಪೂರ್ತಿ ಕಿತ್ತುಹಾಕಿ, ದಿನಕ್ಕೆ ಎರಡು ಗಂಟೆ ಒಂದೇ ಶಾಟ್ ಮೇಲೆ ಕೂರುತ್ತಿದ್ದೆ. ಐದು ಸೆಕೆಂಡಿನ ಶಾಟ್. ಅದನ್ನೇ ಎಂಟು ಸಲ ತಿದ್ದುವುದು. ಐದನೇ ಸಲ ತಿದ್ದುವಾಗ 'ಅಯ್ಯೋ ಮತ್ತೆ ಅದೇನಾ' ಅನ್ನಿಸಿದರೆ ಬಿಟ್ಟುಬಿಡಿ, ಬೇಜಾರು ಬೇಡ. ಸ್ಟುಡಿಯೋದಲ್ಲಿ ಜೀವನಪೂರ್ತಿ ಮಾಡಬೇಕಾಗಿರುವುದು ಆ ಐದನೇ ಸಲವನ್ನೇ. 'ಈ ಮೊಣಕೈ ಇನ್ನೂ ಸರಿ ಇಲ್ಲ' ಅಂತ ರಾತ್ರಿ ಎದ್ದು ಕೂತರೆ, ಆರು ತಿಂಗಳಾದ ಮೇಲೆ ಇನ್ನೊಮ್ಮೆ ಕಳಿಸಿ ನೋಡಿ.

ಯಾವ ಶಾಟ್ ಅಂತ ಕೇಳಿದರೆ, ಆ ಕೊಡದ್ದನ್ನೇ ಮಾಡಿ. ಖಾಲಿ ಕೊಡ ಎತ್ತುವುದು ಒಂದು, ತುಂಬಿದ ಕೊಡ ಎತ್ತುವುದು ಇನ್ನೊಂದು. ಬಣ್ಣ ಬೇಡ, ಮ್ಯೂಸಿಕ್ ಬೇಡ, ನೀರನ್ನೂ ತೋರಿಸಬೇಡಿ. ಮುಗಿದ ಮೇಲೆ ಎರಡನ್ನೂ ಅಮ್ಮನಿಗೆ ತೋರಿಸಿ, ಯಾವ ಕೊಡದಲ್ಲಿ ನೀರಿದೆ ಅಂತ ಕೇಳಿ.