ಸಾರಿಗೆ ನಿಂಬೆಹಣ್ಣು ಹಿಂಡುವುದು ಯಾವಾಗ?

ಪ್ರಶ್ನೆ: ನನಗೆ ರಕ್ತ ಕಡಿಮೆಯಿದೆ ಎಂದು ಡಾಕ್ಟರು ಹೇಳಿದ ಮೇಲೆ ಮನೆಯಲ್ಲಿ ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ ತಪ್ಪದೆ ಮಾಡುತ್ತಿದ್ದೇವೆ. ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ನಿಂಬೆಹಣ್ಣು ಬೇಕಂತೆ. ನಮ್ಮ ಅತ್ತೆ ಸಾರು ಕುದಿಯುವಾಗಲೇ ಹಿಂಡುತ್ತಾರೆ, ನಾನು ಬಡಿಸಿಕೊಂಡ ಮೇಲೆ ಹಿಂಡಿಕೊಳ್ಳುತ್ತೇನೆ. ಯಾವುದು ಸರಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ಬಡಿಸಿಕೊಂಡ ಮೇಲೆ ಹಿಂಡುವುದೇ ಸರಿ. ನಿಂಬೆಹಣ್ಣಿನಿಂದ ನಮಗೆ ಬೇಕಾಗಿರುವುದು ವಿಟಮಿನ್ ಸಿ. ಅದು ನೀರಿನಲ್ಲಿ ಕರಗುತ್ತದೆ, ಬಿಸಿಗೂ ಗಾಳಿಗೂ ಬೇಗ ಕೆಡುತ್ತದೆ. ಬಸ್ಸಾರಿನಲ್ಲಿ ಸೊಪ್ಪು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಸಾರಿಗೇ ಬಳಸುವುದು ಬಹಳ ಒಳ್ಳೆಯ ಪದ್ಧತಿ, ಏಕೆಂದರೆ ನೀರಿಗೆ ಇಳಿದ ಸತ್ವ ಪೂರ್ತಿ ವ್ಯರ್ಥವಾಗುವುದಿಲ್ಲ. ಆದರೆ ಆ ಕಟ್ಟು ಮತ್ತೆ ಕುದಿಯುವುದರಿಂದ ಸೊಪ್ಪಿನಲ್ಲಿದ್ದ ವಿಟಮಿನ್ ಸಿ ಅಷ್ಟರಲ್ಲಿ ಬಹಳಷ್ಟು ನಶಿಸಿರುತ್ತದೆ.

ಈ ವಿಟಮಿನ್‌ಗೂ ಕಬ್ಬಿಣಕ್ಕೂ ಏನು ನಂಟು? ಮಾಂಸದಲ್ಲಿರುವ ಕಬ್ಬಿಣದ ಒಂದು ಭಾಗ ಸಲೀಸಾಗಿ ರಕ್ತ ಸೇರುತ್ತದೆ. ರಾಗಿ, ಹುರುಳಿ, ಸೊಪ್ಪುಗಳ ಕಬ್ಬಿಣ ಹಾಗಲ್ಲ. ಅದು ಹೆಚ್ಚಾಗಿ ಫೆರಿಕ್ ರೂಪದಲ್ಲಿದ್ದು, ಸಣ್ಣ ಕರುಳು ಹೀರಿಕೊಳ್ಳಬೇಕಾದರೆ ಫೆರಸ್ ರೂಪಕ್ಕೆ ಬದಲಾಗಬೇಕು. ಸಾಲದ್ದಕ್ಕೆ ರಾಗಿಯಲ್ಲಿರುವ ಫೈಟೇಟ್ ಮತ್ತು ಅದರ ಸಿಪ್ಪೆಯ ಒಗರಾದ ಟ್ಯಾನಿನ್‌ಗಳು ಕಬ್ಬಿಣವನ್ನು ಕಟ್ಟಿಹಾಕಿ ಹೊರಗೆ ಸಾಗಿಸಿಬಿಡುತ್ತವೆ. ವಿಟಮಿನ್ ಸಿ ಕಬ್ಬಿಣವನ್ನು ಫೆರಸ್ ರೂಪಕ್ಕೆ ತರುವುದಲ್ಲದೆ, ತಾನೇ ಅದನ್ನು ಹಿಡಿದುಕೊಂಡು ಫೈಟೇಟ್‌ನ ಕೈಗೆ ಸಿಗದಂತೆ ನೋಡಿಕೊಳ್ಳುತ್ತದೆ. ಈ ಕೆಲಸ ನಡೆಯುವುದು ಹೊಟ್ಟೆ ಮತ್ತು ಕರುಳಿನಲ್ಲಿ ಎರಡೂ ಒಟ್ಟಿಗೆ ಸೇರಿದಾಗ ಮಾತ್ರ. ಬೆಳಿಗ್ಗೆ ತಿಂದ ಕಿತ್ತಳೆಯಿಂದ ರಾತ್ರಿಯ ಮುದ್ದೆಗೆ ಉಪಕಾರವಿಲ್ಲ.

ಇಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತೊಂದಿದೆ. ಹುಳಿಯಿದ್ದಲ್ಲೆಲ್ಲ ವಿಟಮಿನ್ ಸಿ ಇರುವುದಿಲ್ಲ. ಹುಣಸೆಹಣ್ಣಿನಲ್ಲಿ ಅದು ಅತ್ಯಲ್ಪ. ಒಂದು ನಿಂಬೆಹಣ್ಣನ್ನು ಪೂರ್ತಿ ಹಿಂಡಿದರೂ ಬರುವುದು ಹೆಚ್ಚುಕಡಿಮೆ 10 ಮಿಲಿಗ್ರಾಂ. ಅಷ್ಟೇನೂ ಹುಳಿಯಿಲ್ಲದ ಸೀಬೆಹಣ್ಣಿನಲ್ಲಾದರೋ 100 ಗ್ರಾಂಗೆ 200 ಮಿಲಿಗ್ರಾಂನಷ್ಟು ಇದೆ. ಬೆಟ್ಟದ ನೆಲ್ಲಿಕಾಯಿಯಲ್ಲಿ ಅದಕ್ಕಿಂತಲೂ ಹೆಚ್ಚು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಸೂಚಿಸಿದ ಪ್ರಮಾಣ ದಿನಕ್ಕೆ ಹೆಂಗಸರಿಗೆ 65, ಗಂಡಸರಿಗೆ 80 ಮಿಲಿಗ್ರಾಂ. ಒಂದು ಊಟದ ಜೊತೆ ಸುಮಾರು 50 ಮಿಲಿಗ್ರಾಂ ಸೇರಿದರೆ ಆ ಊಟದ ಕಬ್ಬಿಣ ಎರಡು ಪಟ್ಟು ಅಥವಾ ಇನ್ನೂ ಹೆಚ್ಚು ಹೀರಿಕೆಯಾಗಬಲ್ಲದು. ಆದ್ದರಿಂದ ಪಲ್ಯದ ಮೇಲೆ ನಿಂಬೆಹಣ್ಣು ಧಾರಾಳವಾಗಿ ಹಿಂಡಿಕೊಳ್ಳಿ, ಜೊತೆಗೆ ಗಾಡಿಯವನು ಉಪ್ಪುಖಾರ ಸವರಿ ಕೊಡುವ ಸೀಬೆಹಣ್ಣನ್ನು ಸಂಜೆ ತಿನ್ನುವ ಬದಲು ಮನೆಗೆ ತಂದು, ಊಟಕ್ಕೆ ಕೂತಾಗ ಹೆಚ್ಚಿ, ಅರ್ಧವನ್ನಾದರೂ ಮುದ್ದೆಯ ಜೊತೆಗೇ ತಿನ್ನಿ.

ಇಷ್ಟಾದರೂ ಹಿಮೋಗ್ಲೋಬಿನ್ ವಾರದೊಳಗೆ ಏರುತ್ತದೆಂದು ಎಣಿಸಬೇಡಿ. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ನಿಲ್ಲಿಸಲೂ ಬೇಡಿ. ಥಲಸೀಮಿಯಾದಂತಹ ಕಾಯಿಲೆಯಿಂದ ಮೈಯಲ್ಲಿ ಕಬ್ಬಿಣ ಹೆಚ್ಚಾಗಿ ಶೇಖರವಾಗಿರುವವರಂತೂ ವೈದ್ಯರನ್ನು ಕೇಳದೆ ವಿಟಮಿನ್ ಸಿ ಮಾತ್ರೆ ನುಂಗಲೇಬಾರದು.

ನೀವು ಕೇಳದಿದ್ದರೂ ಒಂದು ವಿಷಯ: ನಮ್ಮ ಮೈಸೂರು ಸೀಮೆಯಲ್ಲಿ ಊಟದ ಬೆನ್ನಿಗೇ ಕಾಫಿ, ಟೀ ಕುಡಿಯುವವರು ಬಹಳ ಮಂದಿ. ಅವುಗಳ ಒಗರು ಕೂಡ ರಾಗಿ ಸಿಪ್ಪೆಯ ಒಗರಿನಂತೆಯೇ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಊಟವಾಗಿ ಒಂದು ಗಂಟೆಯಾದರೂ ಕಳೆದ ಮೇಲೆ ಲೋಟ ಕೈಗೆತ್ತಿಕೊಳ್ಳಿ.