ಹೆಣ್ಣುಮಕ್ಕಳಿಗೆ ಓಟು ಬಂದದ್ದು ಎಷ್ಟನೇ ತಿದ್ದುಪಡಿಯಿಂದ?

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಅಮೆರಿಕದ ಮಹಿಳೆಯರಿಗೆ 19ನೇ ತಿದ್ದುಪಡಿಯಿಂದ ಮತದಾನದ ಹಕ್ಕು ಬಂತಂತೆ. ನಮ್ಮಲ್ಲಿ ಎಷ್ಟನೆಯದು?

ಉತ್ತರ: ಯಾವುದೂ ಅಲ್ಲ, ತಂಗಿ. ಈ ಪ್ರಶ್ನೆ ನನಗೆ ಮೇಲಿಂದ ಮೇಲೆ ಬರುತ್ತದೆ. ಅಮೆರಿಕದಲ್ಲಿ ಸಂವಿಧಾನ ಮೊದಲು ಬಂತು, ಹೆಣ್ಣಿನ ಓಟು 1920ರಲ್ಲಿ ಅದಕ್ಕೆ ಸೇರಿತು. ನಮ್ಮ ಸಂವಿಧಾನ ಹುಟ್ಟುವಾಗಲೇ ಆ ಹಕ್ಕನ್ನು ಹೊತ್ತು ತಂದಿತು. ವಯಸ್ಕರೆಲ್ಲರಿಗೂ ಓಟು ಎನ್ನುವುದು 326ನೇ ವಿಧಿ. ಧರ್ಮ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಮತದಾರರ ಪಟ್ಟಿಯಿಂದ ಹೊರಗಿಡುವಂತಿಲ್ಲ ಎನ್ನುವುದು 325ನೇ ವಿಧಿ. 1989ರಲ್ಲಿ ಜಾರಿಯಾದ 61ನೇ ತಿದ್ದುಪಡಿ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು, ಅಷ್ಟೇ. 73 ಮತ್ತು 106ನೇ ತಿದ್ದುಪಡಿಗಳ ಮಹಿಳಾ ಮೀಸಲಾತಿ ಸೀಟಿನ ಮಾತು, ಓಟಿನದಲ್ಲ.

ಹಾಗಂತ ಪುಕ್ಕಟೆ ಸಿಕ್ಕಿತು ಎಂದು ಮಾತ್ರ ಬರೆಯಬೇಡ. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಮುಂದಾಳತ್ವದಲ್ಲಿ ಮಹಿಳೆಯರ ನಿಯೋಗ ಮದರಾಸಿನಲ್ಲಿ ಭಾರತದ ವ್ಯವಹಾರ ನೋಡುತ್ತಿದ್ದ ಬ್ರಿಟಿಷ್ ಮಂತ್ರಿ ಮಾಂಟೆಗುವನ್ನು ಕಂಡು ಓಟು ಕೇಳಿತ್ತು. 1919ರ ಭಾರತ ಸರ್ಕಾರ ಕಾಯ್ದೆ ತಾನು ನಿರ್ಧರಿಸದೆ ಅದನ್ನು ಪ್ರಾಂತಗಳ ಶಾಸನಸಭೆಗಳಿಗೆ ಬಿಟ್ಟಿತು. ಗದಗ, ಹಾವೇರಿಗಳನ್ನೂ ಒಳಗೊಂಡಿದ್ದ ಅಂದಿನ ಧಾರವಾಡ ಜಿಲ್ಲೆ ಇದ್ದದ್ದು ಮುಂಬಯಿ ಪ್ರಾಂತದಲ್ಲಿ. ಅಲ್ಲಿ 1921ರಲ್ಲಿ ಹೆಣ್ಣು ಎಂಬ ಅಡ್ಡಿ ಹೋಯಿತು, ಆದರೆ ಆಸ್ತಿ, ಕಂದಾಯದ ಷರತ್ತು ಉಳಿಯಿತು. ಹೊಲದ ಉತಾರದಲ್ಲಿ ಹೆಸರು ಯಾರದು? ಅಪ್ಪನದು, ಗಂಡನದು, ಮಗನದು. ಎರೆ ಹೊಲದಲ್ಲಿ ದಿನವಿಡೀ ಬಾಗಿ ಕಳೆ ತೆಗೆದವಳು, ಹತ್ತಿ ಬಿಡಿಸಿದವಳು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಹುಬ್ಬಳ್ಳಿಯ ಸ್ವಾತಂತ್ರ್ಯ ಹೋರಾಟಗಾರ್ತಿ ಉಮಾಬಾಯಿ ಕುಂದಾಪುರ 1932ರಲ್ಲಿ ಸೆರೆಮನೆಗೆ ಹೋದಾಗ ಆಸ್ತಿ ಎಷ್ಟೆಂದು ಯಾರೂ ಕೇಳಲಿಲ್ಲ. ಓಟಿಗೆ ಮಾತ್ರ ಅದನ್ನು ಕೇಳುತ್ತಿದ್ದರು.

1935ರ ಕಾಯ್ದೆ ಬಾಗಿಲನ್ನು ಇನ್ನಷ್ಟು ತೆರೆಯಿತು. ಓದು ಬಲ್ಲವರಿಗೆ, ಆಸ್ತಿವಂತರ ಹೆಂಡಂದಿರಿಗೆ, ವಿಧವೆಯರಿಗೆ ಓಟು ಬಂತು. ದೇಶದಲ್ಲಿ ಸುಮಾರು 60 ಲಕ್ಷ ಮಹಿಳೆಯರು ಮತದಾರರಾದರು. ಆದರೂ ಅವರಲ್ಲಿ ಬಹಳ ಮಂದಿಗೆ ಹಕ್ಕು ಬಂದದ್ದು ಗಂಡನ ಆಸ್ತಿಯ ಮೇಲೆ. ಈ ಷರತ್ತುಗಳನ್ನೆಲ್ಲ ಒಮ್ಮೆಗೇ ಅಳಿಸಿದ್ದೇ 326ನೇ ವಿಧಿಯ ದೊಡ್ಡಸ್ತಿಕೆ.

ಮುಂದೆ ಇನ್ನೊಂದು ತೊಡಕು ಎದುರಾಯಿತು. 1951-52ರ ಮೊದಲ ಚುನಾವಣೆಗೆ ಪಟ್ಟಿ ಬರೆಯಲು ಹೋದವರಿಗೆ ಎಷ್ಟೋ ಹೆಣ್ಣುಮಕ್ಕಳು ತಮ್ಮ ಹೆಸರನ್ನೇ ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಬಿಟ್ಟುಹೋದರು. ಅವರಲ್ಲಿ ಹೆಚ್ಚಿನವರು ಉತ್ತರ ಭಾರತದವರು. ಅಷ್ಟು ಜನ ಓಟು ಕಳೆದುಕೊಂಡದ್ದು ಸಂಕಟದ ಸಂಗತಿ, ಆದರೂ ಸೇನ್ ಪಟ್ಟು ಹಿಡಿದದ್ದು ಸರಿಯೆಂದೇ ನಾನು ನಂಬಿದ್ದೇನೆ. ಇಲ್ಲದಿದ್ದರೆ ಉತಾರದ ಕಥೆಯೇ ಮತದಾರರ ಪಟ್ಟಿಯಲ್ಲೂ ಮುಂದುವರಿಯುತ್ತಿತ್ತು.

ನಮ್ಮ ಅಜ್ಜಿ ನವಲಗುಂದದ ಕಡೆಯವಳು. ಗಂಡನ ಹೆಸರನ್ನು ಒಡಪು ಹಾಕಿಯೇ ಹೇಳುತ್ತಿದ್ದಳು. ತನ್ನದನ್ನು ಕೇಳಿದರೆ ಸೆರಗು ಬಾಯಿಗೆ ಹಿಡಿದು ನಕ್ಕುಬಿಡುತ್ತಿದ್ದಳು. ಊರಿಗೆಲ್ಲ ಆಕೆ ನಮ್ಮಪ್ಪನ ಅವ್ವ, ನನಗೆ ಬರೀ ಅಮ್ಮ. ಒಂದು ಚುನಾವಣೆಯ ಮುಂಜಾನೆ ಓದಿ ಹೇಳೆಂದು ನನ್ನ ಕೈಗೆ ಚೀಟಿ ಕೊಟ್ಟಳು. ಅಜ್ಜಿಯ ಹೆಸರು ಏನೆಂದು ನನಗೆ ಮೊದಲು ತಿಳಿದದ್ದು ಆ ಓಟಿನ ಚೀಟಿಯಿಂದ.