ವರ್ಷಕ್ಕೆ ಎಷ್ಟು ಕೃತಿ ಕಲಿಯಬೇಕು?

ಪ್ರಶ್ನೆ: ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ವರ್ಣಗಳು (ಕೃತಿಗೆ ಮೊದಲು ಕಲಿಯುವ ಅಭ್ಯಾಸದ ರಚನೆಗಳು) ಮುಗಿದು ಕೃತಿ ಶುರುವಾಗಿದೆ. ಬರುವ ವರ್ಷಕ್ಕೆ ಎಷ್ಟು ಕೃತಿಯ ಗುರಿ ಇಟ್ಟುಕೊಳ್ಳಲಿ?

ಉತ್ತರ: ನಾಲ್ಕು. ಬಹಳವೆಂದರೆ ಆರು.

ಹೀಗೆಂದ ಕೂಡಲೇ ‘ಅಷ್ಟೇನಾ?’ ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. ಪಕ್ಕದ ಮನೆ ಹುಡುಗಿ ಇಪ್ಪತ್ತು ಕಲಿತಳಂತೆ ಎನ್ನುವವರೂ ಇದ್ದಾರೆ. ನೋಟ್‌ಬುಕ್ ತುಂಬಿದಷ್ಟೂ ವಿದ್ಯೆ ಬಂತು ಎನ್ನುವ ಈ ನಂಬಿಕೆ ಎಷ್ಟು ಸಲ ಹೇಳಿದರೂ ಹೋಗುತ್ತಿಲ್ಲ. ಹಾಗಾಗಿ ಈ ಸಲ ಬಿಡಿಸಿಯೇ ಬರೆಯುತ್ತೇನೆ.

ತೋಡಿ ರಾಗದ ಒಂದು ಕೃತಿ ತೆಗೆದುಕೊಳ್ಳಿ. ಸಾಹಿತ್ಯ, ಸ್ವರ ಎರಡೂ ವಾರದಲ್ಲಿ ಬಾಯಿಪಾಠ ಆಗುತ್ತವೆ. ಆದರೆ ಪುಸ್ತಕದಲ್ಲಿ ಬರೀ ‘ಗ’ ಎಂದಿರುವ ಗಾಂಧಾರ, ಹಾಡುವಾಗ ರಿಷಭದ ಕಡೆಯಿಂದ ಎದ್ದು ಮಧ್ಯಮದ ಕಡೆಗೆ ತೂಗಬೇಕು. ಹಾರ್ಮೋನಿಯಂ ಮನೆ ಒತ್ತಿದ ಹಾಗೆ ಅದನ್ನು ನೇರವಾಗಿ ಹಿಡಿದರೆ, ಅಕ್ಷರ ತಪ್ಪದಿದ್ದರೂ, ತಾಳ ತಪ್ಪದಿದ್ದರೂ, ತೋಡಿ ಅಲ್ಲಿರುವುದಿಲ್ಲ. ಆ ತೂಗು ಗಂಟಲಿಗೆ ಇಳಿಯಲು ತಿಂಗಳುಗಟ್ಟಲೆ ಬೇಕು. ಭೈರವಿ ರಾಗದಲ್ಲಿ ಎರಡು ಧೈವತಗಳಿವೆ: ಏರುವಾಗ ಮೇಲಿನದಾದ ಚತುಶ್ರುತಿ, ಇಳಿಯುವಾಗ ಕೆಳಗಿನದಾದ ಶುದ್ಧ. ಅವಸರದಲ್ಲಿ ಕಲಿತವರು ಎರಡನ್ನೂ ಒಂದೇ ಮಾಡಿಬಿಡುತ್ತಾರೆ. ಸಂಗತಿಗಳ, ಅಂದರೆ ಒಂದೇ ಸಾಲನ್ನು ಬೆಳೆಸುತ್ತ ಹಾಡುವ ಬಗೆಗಳ, ಪಾಡೂ ಇದೇ. ಎರಡನೆಯದು ನೆಲೆಗೊಳ್ಳುವ ಮೊದಲೇ ಮೂರನೆಯದಕ್ಕೆ ಹಾರಿದರೆ ಕಡೆಗೆ ಎಲ್ಲ ಸಂಗತಿಗಳೂ ಒಂದರಂತೆಯೇ ಕೇಳುತ್ತವೆ. ಮುಂದೆ ಕಲ್ಪನಾಸ್ವರ (ಸ್ವರಗಳನ್ನು ಆಗಲೇ ಕಟ್ಟಿ ಹಾಡುವುದು) ಹಾಕಲು ಕೂತಾಗ ಕೈಗೆ ಸಿಗುವುದು ಈ ಸಂಗತಿಗಳಲ್ಲಿ ಕೂಡಿಟ್ಟ ಹಿಡಿತಗಳೇ. ಇಪ್ಪತ್ತು ಕೃತಿ ಬರೆದಿಟ್ಟವರು ಅಲ್ಲಿ ಬರಿಗೈಯಲ್ಲಿ ನಿಲ್ಲುವುದನ್ನು ನೋಡಿದರೆ ಸಂಕಟವಾಗುತ್ತದೆ.

ಕೃತಿ ಬಂತು ಅನ್ನುವುದು ಯಾವಾಗ? ಪುಸ್ತಕವಿಲ್ಲದೆ, ತಂಬೂರಿಯ ಜೊತೆ, ಕೈಯಲ್ಲಿ ತಾಳ ಹಾಕಿಕೊಂಡು, ಚರಣದ ನಡುವಿನ ಯಾವ ಸಾಲಿನಿಂದ ಕೇಳಿದರೂ ಎತ್ತಿಕೊಳ್ಳಲು ಆದಾಗ. ಎಡುಪು (ಹಾಡು ಶುರುವಾಗುವ ಜಾಗ) ಸಮದಲ್ಲಿಲ್ಲದ, ಅಂದರೆ ತಾಳದ ಮೊದಲ ಪೆಟ್ಟಿನಲ್ಲಿಲ್ಲದ, ಕೃತಿಯಾದರೆ ಮೊದಲು ತಾಳ ಶುರುಮಾಡಿ, ಆಮೇಲೆ ಹಾಡಿಗೆ ಸೇರಿ. ಹಾಡನ್ನು ಎತ್ತಿ ಆಮೇಲೆ ಕೈ ಹೊಂದಿಸುವ ಚಟ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ.

ಆರಿಸುವಾಗ ಸಂಗತಿಗಳಿಗೆ ತ್ಯಾಗರಾಜರದೊಂದು, ಉಸಿರಿನ ಹಿಡಿತಕ್ಕೆ ಮುತ್ತುಸ್ವಾಮಿ ದೀಕ್ಷಿತರ ಚೌಕಕಾಲದ್ದೊಂದು (ನಿಧಾನ ಗತಿಯದು), ನಮ್ಮ ಮೈಸೂರು ವಾಸುದೇವಾಚಾರ್ಯರದೊಂದು ಇರಲಿ. ನಾಲ್ಕನೆಯದು ನಿಮ್ಮ ಗುರುಗಳ ಇಷ್ಟ.

ವರ್ಣ ಮುಗಿಯಿತು ಎಂದಿರಿ. ಅದು ಮುಗಿಯುವಂಥದ್ದಲ್ಲ. ದಿನದ ಮುಕ್ಕಾಲು ಗಂಟೆಯಲ್ಲಿ 10 ನಿಮಿಷ ಮಂದ್ರದ (ಕೆಳಗಿನ ಸ್ಥಾಯಿಯ) ಅಕಾರ, ಅಂದರೆ ‘ಆ’ ಎಂದು ಹಾಡುವುದು, 15 ನಿಮಿಷ ಒಂದು ವರ್ಣ ಎರಡು ಕಾಲದಲ್ಲಿ (ಮೊದಲು ನಿಧಾನ, ಆಮೇಲೆ ಇಮ್ಮಡಿ ವೇಗ), ಉಳಿದದ್ದು ಕೃತಿಯ ಒಂದೇ ಸಾಲಿಗೆ. ಎರಡನೇ ಕಾಲಕ್ಕೆ ಹೋದಾಗ ತಾಳದ ಕೈ ತಾನಾಗಿ ನಿಧಾನವಾಗುತ್ತದೆ. ಅದಕ್ಕೇ ಮೆಟ್ರೊನೋಮನ್ನು 60ಕ್ಕೆ ಇಡಿ. ಸ್ವರ ತೊದಲಿದರೆ 50ಕ್ಕೆ ಇಳಿಸಿ, ನಡುವೆ ಮಾತ್ರ ಬದಲಿಸಬೇಡಿ. ತಿಂಗಳಿಗೊಮ್ಮೆ ಅದೇ ವರ್ಣ, ಅದೇ ಶ್ರುತಿಯಲ್ಲಿ (ಆಧಾರ ಸ್ವರದಲ್ಲಿ) ಫೋನಿಗೆ ಹಾಡಿ, ಹಿಂದಿನ ತಿಂಗಳದ್ದರ ಜೊತೆ ಕೇಳಿ.

ಶ್ರುತಿ ಎಂದಾಗ ಯಾರೂ ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಬಾಲ್ಯದಲ್ಲಿ ಹಿಡಿಸಿದ ಶ್ರುತಿಯಲ್ಲೇ ಬಹಳ ಜನ ವರ್ಷಗಟ್ಟಲೆ ಹಾಡುತ್ತಿರುತ್ತಾರೆ. ದನಿ ಒಡೆದ ಹುಡುಗರಿಗಂತೂ ಅದು ಹೊಂದುವುದೇ ಇಲ್ಲ. ಮಂದ್ರ ಪಂಚಮ ಗಾಳಿಯಾಗದೆ ಕೇಳಬೇಕು, ತಾರ (ಮೇಲಿನ ಸ್ಥಾಯಿಯ) ಪಂಚಮ ಕಿರುಚದೆ ಸಿಗಬೇಕು. ಕೆಳಗೆ ದನಿ ಇಲ್ಲವಾದರೆ ಅರ್ಧ ಶ್ರುತಿ ಏರಿಸಿ, ಮೇಲೆ ಕತ್ತಿನ ನರ ಉಬ್ಬಿದರೆ ಅರ್ಧ ಶ್ರುತಿ ಇಳಿಸಿ. ಬದಲಿಸಿದ ಮೇಲೆ ಒಂದು ತಿಂಗಳು ವರ್ಣವನ್ನಷ್ಟೇ ಅದರಲ್ಲಿ ಹಾಡಿ ನೋಡಿ, ಆಮೇಲೆ ಕೃತಿಗೆ ಬನ್ನಿ.